ಓಡುವ ಮಗು, ಜಾರುವ ಫೋಕಸ್: ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚುವುದು

ನನ್ನ ಹತ್ತಿರ ಒಂದು ಹಾಳಾದ ಫೋಟೊ ಇದೆ, ಬೇಕೆಂದೇ ಅಳಿಸದೆ ಇಟ್ಟುಕೊಂಡಿದ್ದೇನೆ. ಅಣ್ಣನ ಮಗಳು ಹುಲ್ಲಿನ ಮೇಲೆ ನೇರ ನನ್ನ ಕಡೆಗೇ ಓಡಿ ಬರುತ್ತಿದ್ದಾಳೆ. ಎರಡೂ ಕಾಲು ನೆಲ ಬಿಟ್ಟಿವೆ, ಬಾಯಿ ತುಂಬ ನಗು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದಾಗ ನಾನೂ ಕುಣಿದಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಮುಖ ಹಬೆ ಕಟ್ಟಿದ ಗಾಜಿನ ಆಚೆ ಇದ್ದ ಹಾಗೆ. ಅವಳ ಹಿಂದೆ ಒಂದು ಗೇಣು ದೂರದ ಹುಲ್ಲನ್ನು ಮಾತ್ರ ಎಸಳೆಸಳಾಗಿ ಎಣಿಸಬಹುದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಲೆನ್ಸ್ ಡೊಂಕು ಅಂದೆ. ಸರ್ವಿಸ್ ಸೆಂಟರಿಗೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ವಾಪಸ್ ಕೊಟ್ಟರು. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವರು ಬರೆದದ್ದು ಸರಿಯೇ. ತಪ್ಪು ಏನೆಂಬುದು ಆ ಫೋಟೊದಲ್ಲೇ ಇತ್ತು, ಆ ಒಂದು ಗೇಣು ಹುಲ್ಲಿನಲ್ಲಿ. ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

‘ಮಕ್ಕಳ ಫೋಟೊ ಮಸುಕಾಗಿ ಬರುತ್ತೆ’ ಎಂದು ಯಾರನ್ನೇ ಕೇಳಿ, ‘ಶಟರ್ ಸ್ಪೀಡ್ ಏರಿಸಿ’ ಎನ್ನುತ್ತಾರೆ, ಅಂದರೆ ಶಟರ್ ತೆರೆದಿರುವ ಹೊತ್ತನ್ನು ಕಡಿಮೆ ಮಾಡಿ ಎಂದು. ಮೈ ಬಿಸಿ ಎಂದ ಕೂಡಲೇ ಏನೂ ನೋಡದೆ ಒಂದೇ ಮಾತ್ರೆ ಕೊಟ್ಟ ಹಾಗೆ. ಮಸುಕಿನಲ್ಲೂ ಜಾತಿಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಶಟರ್ ಸ್ಪೀಡನ್ನು ಎಷ್ಟೇ ಏರಿಸಿದರೂ ನನ್ನ ಆ ಫೋಟೊ ಉಳಿಯುತ್ತಿರಲಿಲ್ಲ. ಅದಕ್ಕೇ ಸೆಟ್ಟಿಂಗ್ ಮುಟ್ಟುವ ಮೊದಲು ಕೆಟ್ಟ ಫೋಟೊವನ್ನು ಕೂತು ನೋಡಬೇಕು.

ಕೆಟ್ಟ ಫೋಟೊ ಓದುವುದು

ಹಾಳಾದ ನಾಲ್ಕೈದು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ, ನೂರು ಪರ್ಸೆಂಟ್ ಗಾತ್ರಕ್ಕೆ ಹಿಗ್ಗಿಸಿ. ಕ್ಯಾಮೆರಾದ ಹಿಂಬದಿಯ ಪರದೆ ಈ ಕೆಲಸಕ್ಕೆ ಆಗಿಬರುವುದಿಲ್ಲ, ಅಷ್ಟು ಚಿಕ್ಕದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಈಗ ಒಂದೇ ಪ್ರಶ್ನೆ: ಈ ಚಿತ್ರದಲ್ಲಿ ಎಲ್ಲಾದರೂ ಏನಾದರೂ ಶಾರ್ಪ್ ಆಗಿದೆಯೇ?

ಮುಖ ನೋಡಬೇಡಿ, ನೆಲ ನೋಡಿ. ನೆಲ ನಿಮ್ಮ ಕಾಲಬುಡದಿಂದ ಹಿಂದಿನ ಗೋಡೆಯವರೆಗೆ ಎಲ್ಲೂ ಕಡಿಯದೆ ಹಾಸಿಕೊಂಡಿರುತ್ತದೆ, ಅಂದರೆ ಅದೇ ಒಂದು ಅಳತೆಪಟ್ಟಿ. ಫೋಕಸ್ ಎಷ್ಟು ದೂರದಲ್ಲಿ ಕೂತಿದೆಯೋ ಅಲ್ಲಿ ನೆಲದ ಮೇಲೆ ಅಡ್ಡಕ್ಕೆ ಒಂದು ಶಾರ್ಪ್ ಪಟ್ಟಿ ಕಾಣುತ್ತದೆ. ಮಗು ಆ ಪಟ್ಟಿಯ ಮೇಲಿದ್ದೂ ಮಸುಕಾಗಿದ್ದರೆ ಫೋಕಸ್‌ದು ತಪ್ಪಿಲ್ಲ, ಮಗುವಿನ ಓಟಕ್ಕೆ ಶಟರ್ ಸಾಲಲಿಲ್ಲ. ಪಟ್ಟಿ ಒಂದು ಕಡೆ, ಮಗು ಇನ್ನೊಂದು ಕಡೆ ಇದ್ದರೆ ಫೋಕಸ್ ತಪ್ಪಿದೆ. ಪಟ್ಟಿಯೇ ಇಲ್ಲ, ನೆಲ, ಗೋಡೆ, ಮಗು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ದಿಕ್ಕೂ ಇಲ್ಲದೆ ಎಲ್ಲವೂ ಮಂಜು ಮಂಜಾಗಿದ್ದರೆ ಮೊದಲು ಲೆನ್ಸಿನ ಮುಂಭಾಗ ಒರೆಸಿ. ನಗಬೇಡಿ, ಮಕ್ಕಳಿರುವ ಮನೆಯ ಕ್ಯಾಮೆರಾದ ಗಾಜಿನ ಮೇಲೆ ಪುಟ್ಟ ಬೆರಳಿನ ಗುರುತು ಇರುವುದು ತೀರಾ ಮಾಮೂಲು.

ನೆಲ ಚಿತ್ರದಲ್ಲಿ ಬಂದೇ ಇಲ್ಲ, ಬರೀ ಮುಖ ಇದೆ ಎಂದಾದರೆ ಕಣ್ಣಿನ ಹೊಳಪು ನೋಡಿ. ಕಣ್ಣಗುಡ್ಡೆಯ ಮೇಲೆ ದೀಪದ್ದೋ ಆಕಾಶದ್ದೋ ಒಂದು ಬಿಳಿ ಚುಕ್ಕಿ ಇದ್ದೇ ಇರುತ್ತದೆ. ಆ ಚುಕ್ಕಿ ಗೆರೆಯಾಗಿ ಎಳೆದುಕೊಂಡಿದ್ದರೆ ಅದು ಚಲನೆಯ ಮಸುಕು. ಬಿಲ್ಲೆಯಾಗಿ ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಫೋಕಸ್ ತಪ್ಪಿದ ಮಸುಕು. ಕಣ್ಣಿನ ಚುಕ್ಕಿ ಬಿಲ್ಲೆಯಾಗಿದ್ದು ಕಿವಿಯ ಪಕ್ಕದ ಕೂದಲು ಎಳೆ ಎಳೆಯಾಗಿ ಕಂಡರೆ ಫೋಕಸ್ ಕಣ್ಣಿನಿಂದ ನಾಲ್ಕು ಬೆರಳು ಹಿಂದೆ ಕೂತಿದೆ ಎಂದು ಅಳೆದೇ ಹೇಳಬಹುದು.

ಫೋಟೊದ ಜೊತೆ ಉಳಿಯುವ ಎಕ್ಸಿಫ್ ಮಾಹಿತಿಯನ್ನೂ ತೆರೆದುಕೊಳ್ಳಿ: ಶಟರ್ ಸ್ಪೀಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ, ‘ಎಫ್’ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಅಂಕಿ), ಲೆನ್ಸ್ ಎಷ್ಟು ಎಂಎಂ. ಫೋಟೊ ತೋರಿಸುವಾಗ ಫೋಕಸ್ ಪಾಯಿಂಟ್ ಎಲ್ಲಿತ್ತು ಎಂದು ಗುರುತು ಹಾಕುವ ಆಯ್ಕೆ ಎಷ್ಟೋ ಕ್ಯಾಮೆರಾಗಳ ಪ್ಲೇಬ್ಯಾಕ್ ಮೆನುವಿನಲ್ಲಿದೆ, ಅದನ್ನು ಆನ್ ಮಾಡಿಟ್ಟುಕೊಳ್ಳಿ. ಕ್ಯಾಮೆರಾ ಎಲ್ಲಿ ನೋಡುತ್ತಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ, ಅಲ್ಲಿ ಫೋಕಸ್ ಸಿಕ್ಕಿತ್ತೇ ಎಂಬುದಲ್ಲ. ಚೌಕ ಮಗುವಿನ ಮುಖದ ಮೇಲೇ ಇದ್ದು ಮುಖ ಮಸುಕಾಗಿರುವುದು ಧಾರಾಳವಾಗಿ ಸಾಧ್ಯ.

ಗೆರೆ ಎಳೆದಂತಿದ್ದರೆ

ಇದು ಸುಲಭದ ಪ್ರಕರಣ. ಚಿಕ್ಕ ಮಗು ಓಡುವಾಗ ಸೆಕೆಂಡಿಗೆ 3 ಮೀಟರ್ ಸಾಗುತ್ತದೆ ಎಂದು ಇಟ್ಟುಕೊಳ್ಳಿ. ನಿಮ್ಮೆದುರು ಅಡ್ಡಲಾಗಿ ಓಡಿದರೆ, ಶಟರ್ 1/60 ಸೆಕೆಂಡ್ ತೆರೆದಿರುವಷ್ಟರಲ್ಲಿ ಮಗು 5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/250ಕ್ಕೆ 12 ಮಿಲಿಮೀಟರ್, 1/1000ಕ್ಕೆ 3 ಮಿಲಿಮೀಟರ್. ಇದು ಮೈಯ ಲೆಕ್ಕ ಮಾತ್ರ. ಬೀಸುವ ಕೈ, ಹಿಂದಕ್ಕೆ ಚಿಮ್ಮುವ ಪಾದ ಇನ್ನೂ ಜೋರು. ಕೂತು ಆಡುತ್ತಿರುವ ಮಗುವಿಗೆ 1/250, ನಡೆದಾಡುವ, ಕುಣಿಯುವ ಮಗುವಿಗೆ 1/500, ಓಡುವ, ನೆಗೆಯುವ ಮಗುವಿಗೆ 1/1000 ಎಂದು ನಾನು ಇಟ್ಟುಕೊಂಡಿದ್ದೇನೆ. ಕೈ ತುದಿ ಸ್ವಲ್ಪ ಮಸುಕಾದರೆ ಚಿಂತೆಯಿಲ್ಲ, ಓಟ ಕಾಣುವುದೇ ಅದರಲ್ಲಿ.

ಬೆಳಕಿನ ಲೆಕ್ಕ ಕೊಡಲೇಬೇಕು. 1/125ರಿಂದ 1/1000ಕ್ಕೆ ಹೋದರೆ ಒಳಗೆ ಬರುವ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಐಎಸ್‌ಒ 400 ಇದ್ದದ್ದು 3200ಕ್ಕೆ ಏರಬೇಕು. ಬಹಳ ಜನ ಇಲ್ಲಿ ಹಿಂಜರಿಯುತ್ತಾರೆ, ‘ಗ್ರೇನ್ ಬರುತ್ತೆ’, ಚಿತ್ರ ಮರಳು ಮರಳಾಗುತ್ತೆ ಎನ್ನುತ್ತಾರೆ. ಬರಲಿ. ಗ್ರೇನ್ ಅನ್ನು ಆಮೇಲೆ ಕಡಿಮೆ ಮಾಡಬಹುದು, ಎಳೆದುಕೊಂಡ ಮುಖವನ್ನು ಹಿಂದಕ್ಕೆ ತರಲಾಗದು. ಆಟೋ ಐಎಸ್‌ಒ ಮೆನುವಿನಲ್ಲಿ ‘ಕನಿಷ್ಠ ಶಟರ್ ಸ್ಪೀಡ್’ ಎಂಬ ಸಾಲು ಇದ್ದರೆ ಅಲ್ಲಿ 1/500, ಓಟವೇ ಹೆಚ್ಚಿದ್ದರೆ 1/1000 ಎಂದು ಹಾಕಿ ಮರೆತುಬಿಡಿ. ಅದಿಲ್ಲದಿದ್ದರೆ ಡಯಲ್ ಅನ್ನು ಶಟರ್ ಸ್ಪೀಡನ್ನು ನೀವೇ ಆರಿಸುವ ಶಟರ್ ಪ್ರಯಾರಿಟಿಗೆ ತಿರುಗಿಸಿ. ಕ್ಯಾನನ್‌ನಲ್ಲಿ ‘ಟಿವಿ’, ನಿಕಾನ್ ಮತ್ತು ಸೋನಿಯಲ್ಲಿ ‘ಎಸ್’.

ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ನಿಮ್ಮ ಕೈಯ ಅಲುಗಾಟವನ್ನು ಹಿಡಿಯುತ್ತದೆ. ಮಗುವನ್ನು ಹಿಡಿಯುವುದಿಲ್ಲ, ಮಗುವನ್ನು ಹಿಡಿಯುವುದು ಯಾರಿಂದಲೂ ಆಗದ ಕೆಲಸ.

ಶಾರ್ಪ್ ಪಟ್ಟಿ ಬೇರೆಲ್ಲೋ ಇದ್ದರೆ

ನಿಜವಾದ ಪತ್ತೇದಾರಿಕೆ ಇಲ್ಲಿದೆ. ಪಟ್ಟಿ ಮಗುವಿನ ಮುಂದಿದೆಯೋ ಹಿಂದಿದೆಯೋ, ಎಷ್ಟು ದೂರ, ಪ್ರತಿ ಸಲವೂ ಅದೇ ಕಡೆಗೋ ಎಂದು ಬರೆದಿಟ್ಟುಕೊಳ್ಳಿ.

ಮಗು ನಿಮ್ಮ ಕಡೆಗೆ ಬರುತ್ತಿದ್ದು ಪಟ್ಟಿ ಅದರ ಬೆನ್ನಹಿಂದೆ ಇದ್ದರೆ, ಅದು ಮಗು ಸ್ವಲ್ಪ ಹೊತ್ತಿಗೆ ಮುಂಚೆ ಇದ್ದ ಜಾಗ. ಫೋಕಸ್‌ಗೆ ಬೀಗ ಬಿದ್ದದ್ದು ಅಲ್ಲಿ, ಕ್ಲಿಕ್ ಆಗುವಷ್ಟರಲ್ಲಿ ಮಗು ಮುಂದೆ ಬಂದಿದೆ. ನನ್ನ ಫೋಟೊದ ಲೆಕ್ಕ ಹೀಗಿತ್ತು: 85 ಎಂಎಂ ಲೆನ್ಸ್, ಎಫ್ 1.8, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಮಗು ಸುಮಾರು 3 ಮೀಟರ್ ದೂರದಲ್ಲಿ. ಅಷ್ಟಕ್ಕೆ ಶಾರ್ಪ್ ಆಗಿ ಬರುವ ಆಳ ಒಟ್ಟು 13 ಸೆಂಟಿಮೀಟರ್, ಅಂದರೆ ಮುಂದಕ್ಕೆ ಆರು, ಹಿಂದಕ್ಕೆ ಆರು ಚಿಲ್ಲರೆ. ಬಟನ್ ಒತ್ತಿದ ಮೇಲೆ ಕನ್ನಡಿ ಮೇಲೆದ್ದು ಶಟರ್ ತೆರೆಯಲು ಡಿಎಸ್‌ಎಲ್‌ಆರ್‌ಗಳಿಗೆ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಿಗೆ, ಸಾಮಾನ್ಯವಾಗಿ ಸೆಕೆಂಡಿನ ಇಪ್ಪತ್ತನೆಯಿಂದ ಹತ್ತನೇ ಒಂದು ಭಾಗ ಬೇಕು. ಸೆಕೆಂಡಿಗೆ 3 ಮೀಟರ್ ಓಡುವ ಮಗು ಅಷ್ಟರಲ್ಲಿ 15ರಿಂದ 30 ಸೆಂಟಿಮೀಟರ್ ಮುಂದೆ ಬಂದಾಗಿರುತ್ತದೆ. ಆ ಗೇಣು ಹುಲ್ಲಿನ ಗುಟ್ಟು ಇಷ್ಟೇ. ಲೆನ್ಸ್ ತಾನು ಕೂರಬೇಕಾದಲ್ಲೇ ಕೂತಿತ್ತು, ಮಗು ಅಲ್ಲಿರಲಿಲ್ಲ.

ನನ್ನ ಕ್ಯಾಮೆರಾ ಒಂದೇ ಸಲ ಫೋಕಸ್ ಮಾಡಿ ನಿಲ್ಲುವ ಮೋಡ್‌ನಲ್ಲಿತ್ತು. ಕ್ಯಾನನ್ ಇದನ್ನು ‘ಒನ್ ಶಾಟ್’ ಎನ್ನುತ್ತದೆ, ನಿಕಾನ್, ಸೋನಿ, ಫ್ಯೂಜಿ ‘ಎಎಫ್-ಎಸ್’ ಎನ್ನುತ್ತವೆ. ಹೂವಿಗೆ, ಕಟ್ಟಡಕ್ಕೆ, ಮಲಗಿದ ಮಗುವಿಗೆ ಇದು ಸರಿ. ಓಡುವ ಮಗುವಿಗೆ ಬೇಕಾದದ್ದು ಬಿಡದೆ ಹಿಂಬಾಲಿಸುವ ಮೋಡ್: ಕ್ಯಾನನ್‌ನಲ್ಲಿ ‘ಎಐ ಸರ್ವೋ’, ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್‌ಗಳಲ್ಲಿ ಬರೀ ‘ಸರ್ವೋ’, ಉಳಿದವರಲ್ಲಿ ‘ಎಎಫ್-ಸಿ’. ಈ ಮೋಡ್ ಬರೀ ಹಿಂಬಾಲಿಸುವುದಿಲ್ಲ, ಮುಂದಾಲೋಚನೆಯನ್ನೂ ಮಾಡುತ್ತದೆ. ಒಂದರ ಹಿಂದೊಂದು ದೂರ ಅಳೆದು, ಮಗು ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದೆ ಎಂದು ಲೆಕ್ಕ ಹಾಕಿ, ಶಟರ್ ತೆರೆಯುವ ಹೊತ್ತಿಗೆ ಅದು ಎಲ್ಲಿರಬಹುದೋ ಅಲ್ಲಿಗೆ ಲೆನ್ಸನ್ನು ಸರಿಸುತ್ತದೆ. ಬಾಡಿಯೊಳಗೇ ಆಟೋಫೋಕಸ್ ಕೂರಿಸಿದ ಎಸ್‌ಎಲ್‌ಆರ್ ಜನರ ಕೈಗೆ ಬಂದದ್ದು 1985ರಲ್ಲಿ, ಮಿನೋಲ್ಟಾ 7000 ರೂಪದಲ್ಲಿ. ಈ ಮುಂದಾಲೋಚನೆ ಸೇರಿಕೊಂಡದ್ದು ಮೂರು ವರ್ಷ ಕಳೆದ ಮೇಲಿನ ತಲೆಮಾರಿನಲ್ಲಿ. ಅಂದರೆ ಇದು ದುಬಾರಿ ಹೊಸ ಕ್ಯಾಮೆರಾದ ಸೊತ್ತಲ್ಲ, ನಿಮ್ಮ ಹಳೆಯ ಡಿಎಸ್‌ಎಲ್‌ಆರ್‌ನಲ್ಲೂ ಇರುತ್ತದೆ.

ಲೆಕ್ಕ ಹಾಕಲು ಅದಕ್ಕೆ ಸಮಯ ಕೊಡಬೇಕು ನೋಡಿ. ಬಟನ್ ಅರ್ಧ ಒತ್ತಿ, ಅರ್ಧ ಸೆಕೆಂಡಾದರೂ ಮಗುವಿನ ಮೇಲೆ ಪಾಯಿಂಟ್ ಇಟ್ಟು ಹಿಂಬಾಲಿಸಿ, ಆಮೇಲೆ ಪೂರ್ತಿ ಒತ್ತಿ. ಮೋಡ್ ಬದಲಿಸಿಯೂ ‘ಆಗುತ್ತಿಲ್ಲ’ ಎನ್ನುವವರು ಹೆಚ್ಚಾಗಿ ಒಂದೇ ಏಟಿಗೆ ಪೂರ್ತಿ ಒತ್ತುವವರು.

ಮೋಡ್ ಬದಲಿಸಿದವರಿಗೆ ಎರಡು ಹೊಸ ಗಾಬರಿಗಳು ಕಾದಿರುತ್ತವೆ. ಮೊದಲನೆಯದು: ‘ಬೀಪ್ ಶಬ್ದ ನಿಂತುಹೋಯಿತು, ಫೋಕಸ್ ಆಗುತ್ತಲೇ ಇಲ್ಲ.’ ಹಿಂಬಾಲಿಸುವ ಮೋಡ್‌ನಲ್ಲಿ ಎಷ್ಟೋ ಕ್ಯಾಮೆರಾಗಳು ಬೀಪ್ ಮಾಡುವುದೇ ಇಲ್ಲ. ಅಲ್ಲಿ ‘ಮುಗಿಯಿತು’ ಎನ್ನುವ ಘಳಿಗೆಯೇ ಇರುವುದಿಲ್ಲವಲ್ಲ. ಎರಡನೆಯದು ಹೆಚ್ಚು ಕಾಟದ್ದು: ‘ಮುಂಚೆ ಸ್ವಲ್ಪವಾದರೂ ಸರಿ ಬರುತ್ತಿತ್ತು, ಈಗ ಹಿಂದಿನ ಗಿಡವೇ ಶಾರ್ಪ್.’ ಇವರು ಹಳೆಯ ಅಭ್ಯಾಸದಂತೆ ನಡುವಿನ ಪಾಯಿಂಟ್‌ನಲ್ಲಿ ಮುಖಕ್ಕೆ ಫೋಕಸ್ ಮಾಡಿ, ಅರ್ಧ ಒತ್ತಿಕೊಂಡೇ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸುತ್ತಾರೆ. ಒಂದೇ ಸಲದ ಮೋಡ್‌ನಲ್ಲಿ ಅದು ನಡೆಯುತ್ತದೆ. ಇಲ್ಲಿ ನೀವು ತಿರುಗಿಸಿದ ಕ್ಷಣವೇ ಪಾಯಿಂಟ್ ಗಿಡದ ಮೇಲೆ ಬೀಳುತ್ತದೆ, ಕ್ಯಾಮೆರಾ ನಿಷ್ಠೆಯಿಂದ ಗಿಡವನ್ನು ಹಿಂಬಾಲಿಸುತ್ತದೆ. ಚೌಕಟ್ಟು ಬೇಕಾದ ಹಾಗೆ ಇಟ್ಟುಕೊಂಡು ಪಾಯಿಂಟನ್ನೇ ಮುಖದ ಕಡೆ ಸರಿಸಬೇಕು. ಅಷ್ಟು ಪುರುಸೊತ್ತು ಮಕ್ಕಳು ಕೊಡದಿದ್ದರೆ ಮಗುವನ್ನು ನಡುವೆಯೇ ಇಟ್ಟು, ಸುತ್ತ ಜಾಗ ಬಿಟ್ಟು ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ. ನಾನು ಮಾಡುವುದು ಇದನ್ನೇ.

ಕೆಲವು ಕ್ಯಾಮೆರಾಗಳಲ್ಲಿ ಎರಡರ ನಡುವಿನ ಒಂದು ಮೋಡ್ ಇದೆ, ‘ಎಐ ಫೋಕಸ್’ ಅಥವಾ ‘ಎಎಫ್-ಎ’. ವಸ್ತು ನಿಂತಿದೆಯೋ ಓಡುತ್ತಿದೆಯೋ ತಾನೇ ನಿರ್ಧರಿಸುತ್ತದೆ ಎಂಬುದು ಅದರ ಭರವಸೆ. ಕೂತಿದ್ದ ಮಗು ಏಕಾಏಕಿ ಎದ್ದು ಓಡಿದಾಗ ಅದು ನಿರ್ಧರಿಸುವಷ್ಟರಲ್ಲಿ ಮಗು ಕೋಣೆಯ ಆಚೆ ಇರುತ್ತದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಇನ್ನು ಪಾಯಿಂಟ್ ಎಷ್ಟು ದೊಡ್ಡದಿರಬೇಕು ಎಂಬುದು. ಪರದೆಯಗಲದ ಆಟೋ ಆಯ್ಕೆ ಕೊಟ್ಟರೆ ಕ್ಯಾಮೆರಾ ಬಹುತೇಕ ಹತ್ತಿರ ಇರುವುದನ್ನು ಎತ್ತಿಕೊಳ್ಳುತ್ತದೆ: ಮುಂದೆ ಚಾಚಿದ ಕೈ, ಹಿಡಿದ ಬಲೂನು, ಉಯ್ಯಾಲೆಯ ಸರಪಳಿ. ಫೋಟೊದಲ್ಲಿ ಬಲೂನಿನ ಗಂಟು ಶಾರ್ಪ್ ಆಗಿದ್ದು ಮುಖ ಮಸುಕಾಗಿದ್ದರೆ ಕಾರಣ ಇದು. ಒಂದೇ ಪುಟ್ಟ ಪಾಯಿಂಟ್ ಇಟ್ಟುಕೊಂಡರೆ ಕುಪ್ಪಳಿಸುವ ಮುಖದ ಮೇಲೆ ಅದನ್ನು ನಿಲ್ಲಿಸಲು ಆಗುವುದಿಲ್ಲ; ತಪ್ಪಿದಾಗೆಲ್ಲ ಹಿನ್ನೆಲೆಗೆ ಹಾರುತ್ತದೆ. ಐದೋ ಒಂಬತ್ತೋ ಪಾಯಿಂಟ್‌ಗಳ ಗುಂಪು ಅಥವಾ ಸಣ್ಣ ಝೋನ್ ಡಿಎಸ್‌ಎಲ್‌ಆರ್‌ಗೆ ಒಳ್ಳೆಯ ರಾಜಿ. ನಡುವಿನ ಪಾಯಿಂಟ್‌ಗಳು ಸಾಮಾನ್ಯವಾಗಿ ಹೆಚ್ಚು ಚುರುಕು, ಮಂದ ಬೆಳಕಿನಲ್ಲಿ ಅಂಚಿನವುಗಳನ್ನು ನಂಬಿ ಕೂರಬೇಡಿ.

ಮಿರರ್‌ಲೆಸ್ ಇದ್ದವರಿಗೆ ಮುಖ ಮತ್ತು ಕಣ್ಣು ಗುರುತಿಸುವ ಆಯ್ಕೆ ದೊಡ್ಡ ವರ. ಅದೂ ತಪ್ಪುತ್ತಿದ್ದರೆ ಮೊದಲು ‘ಯಾವುದನ್ನು ಗುರುತಿಸಬೇಕು’ ಎಂಬ ಸಾಲು ನೋಡಿ. ಹಿಂದಿನ ವಾರ ಹಕ್ಕಿ ತೆಗೆಯಲು ಹೋಗಿದ್ದವರ ಕ್ಯಾಮೆರಾ ಇನ್ನೂ ಹಕ್ಕಿಯನ್ನೇ ಹುಡುಕುತ್ತಿರುತ್ತದೆ. ಗುಂಪಿನಲ್ಲಿ ಮಕ್ಕಳಿದ್ದರೆ ಅದು ಬೇರೆ ಮಗುವಿನ ಮುಖಕ್ಕೆ ಅಂಟಿಕೊಳ್ಳುವುದುಂಟು. ಆಗ ಕಣ್ಣು ಗುರುತಿಸುವುದನ್ನು ಆನ್ ಇಟ್ಟೇ ಝೋನ್ ಚಿಕ್ಕದು ಮಾಡಿ, ಆ ಝೋನನ್ನು ನಿಮ್ಮ ಮಗುವಿನ ಮೇಲೆ ಇಡಿ.

ಬರ್ಸ್ಟ್, ಅಂದರೆ ಬಟನ್ ಒತ್ತಿಹಿಡಿದು ಸಾಲಾಗಿ ಫೋಟೊ ತೆಗೆಯುವವರಿಗೆ ಇನ್ನೊಂದು ಸುಳಿವು ಸಿಗುತ್ತದೆ. ಹತ್ತು ಫೋಟೊಗಳ ಸಾಲಿನಲ್ಲಿ ಮೊದಲನೆಯದು ಮಸುಕು, ಮೂರನೆಯದರಿಂದ ಸರಿ ಎಂದಾದರೆ ನೀವು ಅವಸರ ಮಾಡಿದ್ದೀರಿ. ಫೋಕಸ್ ಸಿಗುವ ಮೊದಲೇ ಕ್ಲಿಕ್ ಆಗಿದೆ. ಹಿಂಬಾಲಿಸುವ ಮೋಡ್‌ನಲ್ಲಿ ‘ಫೋಕಸ್ ಸಿಗಲಿ ಬಿಡಲಿ, ಒತ್ತಿದ ಕೂಡಲೇ ಕ್ಲಿಕ್’ ಎಂಬ ಆದ್ಯತೆ ನಿಕಾನ್‌ನಂಥ ಕ್ಯಾಮೆರಾಗಳಲ್ಲಿ ಕಂಪನಿಯಿಂದಲೇ ಹಾಗೆ ಬಂದಿರುತ್ತದೆ. ಕಸ್ಟಮ್ ಮೆನುವಿನಲ್ಲಿ ಅದನ್ನು ಫೋಕಸ್ ಕಡೆಗೆ ವಾಲಿಸಬಹುದು. ಬರ್ಸ್ಟ್ ವೇಗ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಇದಕ್ಕೆ ಉಲ್ಟಾ, ಮೊದಲನೆಯದು ಸರಿ, ಹೋಗುತ್ತ ಹೋಗುತ್ತ ಮಸುಕು ಹೆಚ್ಚುತ್ತಿದೆ ಎಂದಾದರೆ ಮೊದಲ ಚಿತ್ರಕ್ಕೇ ಬೀಗ ಬಿದ್ದಿದೆ. ಒಂದೋ ಫೋಕಸ್ ಮೋಡ್ ಇನ್ನೂ ಒಂದೇ ಸಲದ ‘ಎಎಫ್-ಎಸ್’ನಲ್ಲಿದೆ, ಇಲ್ಲವೇ ನಿಮ್ಮ ಕ್ಯಾಮೆರಾ ತನ್ನ ಅತಿ ವೇಗದ ಬರ್ಸ್ಟ್‌ನಲ್ಲಿ ನಡುವೆ ಫೋಕಸ್ ಬದಲಿಸುವುದಿಲ್ಲ. ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆ ಬರೆದಿರುತ್ತದೆ. ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಸಿ ನೋಡಿ.

ನಡುವೆ ಇನ್ನೊಂದು ಮಗು ಅಡ್ಡ ಹೋದಾಗ ಫೋಕಸ್ ಅದರ ಜೊತೆ ಹೊರಟುಹೋಗುತ್ತಿದ್ದರೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿ, ನಿಕಾನ್ ಭಾಷೆಯಲ್ಲಿ ಲಾಕ್-ಆನ್, ನೋಡಬೇಕು. ಅಡ್ಡ ಬಂದದ್ದನ್ನು ಕಡೆಗಣಿಸುವ ಕಡೆಗೆ ಒಂದೇ ಒಂದು ಹೆಜ್ಜೆ ಸರಿಸಿ. ಮೆನುವಿನ ಈ ಮೂಲೆಯಲ್ಲಿ ಗಂಟೆಗಟ್ಟಲೆ ಕಳೆಯುವವರನ್ನು ನೋಡಿದ್ದೇನೆ. ಮೇಲೆ ಹೇಳಿದ್ದು ಸರಿಯಾಗದೆ ಇದನ್ನು ತಿರುವಿದರೆ ಏನೂ ಸಿಗದು.

ಎಲ್ಲ ಸರಿ ಮಾಡಿಯೂ ಕಣ್ಣು ತಪ್ಪಿ ಕಿವಿ ಶಾರ್ಪ್ ಬರುತ್ತಿದ್ದರೆ ಅಪರ್ಚರ್ ಮುಚ್ಚಿ. ಎಫ್ 1.8ರ ಲೆನ್ಸ್ ಕೊಂಡಿದ್ದೇವೆ ಎಂದು ಎಲ್ಲವನ್ನೂ 1.8ರಲ್ಲೇ ತೆಗೆಯಬೇಕೆಂದಿಲ್ಲ. ಅದೇ 85 ಎಂಎಂ, ಅದೇ 3 ಮೀಟರ್, ಎಫ್ 4ಕ್ಕೆ ಬಂದರೆ 13 ಸೆಂಟಿಮೀಟರ್ ಇದ್ದ ಆಳ 30ಕ್ಕೆ ಏರುತ್ತದೆ. 50 ಎಂಎಂ ಲೆನ್ಸ್ ಹಾಕಿದರೆ ಅಲ್ಲೇ ಆಳ 85 ಸೆಂಟಿಮೀಟರಿನ ಸುಮಾರು. ಹಿನ್ನೆಲೆ ಕರಗಬೇಕು ಎಂದಿದ್ದರೆ ಹಿಂದೆ ಗೋಡೆ ಅಂಟಿಕೊಂಡಿರದ, ಖಾಲಿ ಜಾಗ ಇರುವ ಕಡೆ ಹೋಗಿ ನಿಲ್ಲಿ. ಎಫ್ 4ರಲ್ಲೂ ಕರಗುತ್ತದೆ.

ಫೋಕಸೇ ಸಿಗದೆ ಲೆನ್ಸ್ ಹಿಂದೆ ಮುಂದೆ ಅಲೆಯುತ್ತಿದ್ದರೆ

ಮೊದಲು ಪೆದ್ದು ಪ್ರಶ್ನೆಗಳು. ಲೆನ್ಸ್ ಪಕ್ಕದ ಗುಂಡಿ ‘ಎಂಎಫ್’ನಲ್ಲಿ, ಅಂದರೆ ಕೈಯಿಂದ ಫೋಕಸ್ ಮಾಡುವ ಕಡೆ ಇದೆಯೇ? ತೀರಾ ಹತ್ತಿರ ನಿಂತಿದ್ದೀರಾ? ಪ್ರತಿ ಲೆನ್ಸಿಗೂ ಇದಕ್ಕಿಂತ ಹತ್ತಿರ ಬಂದರೆ ಆಗದು ಎಂಬ ಗಡಿ ಇದೆ, ಅದನ್ನು ಲೆನ್ಸಿನ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಕ್ಯಾಮೆರಾ ಕಂಡ ಮಕ್ಕಳು ಗಾಜಿಗೇ ಮೂಗು ತಾಗಿಸಲು ಬರುವುದರಿಂದ ಈ ಗಡಿ ದಾಟುವುದು ನಮ್ಮ ಲೆಕ್ಕಕ್ಕಿಂತ ಹೆಚ್ಚು. ದೊಡ್ಡ ಲೆನ್ಸ್‌ಗಳಲ್ಲಿ ‘ಹತ್ತಿರದ್ದು ಹುಡುಕಬೇಡ’ ಎಂಬ ಲಿಮಿಟರ್ ಗುಂಡಿಯೂ ಇರುತ್ತದೆ. ನಿಕಾನ್ 3000 ಮತ್ತು 5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಮೋಟಾರಿಲ್ಲದ ಹಳೆಯ ಲೆನ್ಸ್ ಅವುಗಳಲ್ಲಿ ಕೈಯಿಂದಲೇ ತಿರುಗಬೇಕು.

ಅರ್ಧ ಒತ್ತಿದರೆ ಏನೂ ಅಲುಗದೆ, ಕ್ಲಿಕ್ ಮಾತ್ರ ಆಗುತ್ತಿದ್ದರೆ ಯಾರೋ ಬ್ಯಾಕ್ ಬಟನ್ ಫೋಕಸ್ ಹಾಕಿಟ್ಟಿದ್ದಾರೆ. ಆಗ ಫೋಕಸ್ ಕೆಲಸವೆಲ್ಲ ಹೆಬ್ಬೆರಳ ಬಳಿಯ ‘ಎಎಫ್-ಆನ್’ ಬಟನ್‌ದು. ಸ್ನೇಹಿತರ ಕ್ಯಾಮೆರಾ ತಂದವರಿಗೆ, ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದು ಮೊದಲ ದಿನದ ಆಘಾತ.

ಮನೆಯೊಳಗೆ ಮಾತ್ರ ಅಲೆಯುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಫೋಕಸ್‌ಗೆ ಕಪ್ಪು ಬಿಳುಪಿನ ಅಂಚು ಬೇಕು. ಸಾದಾ ಬಣ್ಣದ ಅಂಗಿಯ ಮೇಲೆ ಪಾಯಿಂಟ್ ಇಟ್ಟರೆ ಹಿಡಿಯಲು ಏನೂ ಸಿಗುವುದಿಲ್ಲ. ಅಂಗಿಯ ಅಂಚು, ಹಣೆ ಮತ್ತು ಕೂದಲು ಸೇರುವ ಗೆರೆ, ಕಣ್ಣು, ಇವು ಒಳ್ಳೆಯ ಹಿಡಿ. ಕ್ಯಾಮೆರಾದ ಸಹಾಯದ ಕೆಂಪು ದೀಪ ಹೊತ್ತುತ್ತಿಲ್ಲ ಎಂದು ದೂರಬೇಡಿ, ಎಷ್ಟೋ ಕ್ಯಾಮೆರಾಗಳಲ್ಲಿ ಅದು ಹಿಂಬಾಲಿಸುವ ಮೋಡ್‌ನಲ್ಲಿ ಹೊತ್ತುವುದೇ ಇಲ್ಲ. ಆಟವನ್ನು ಕಿಟಕಿಯ ಪಕ್ಕಕ್ಕೆ ತನ್ನಿ, ನೀವು ಕಿಟಕಿಗೆ ಬೆನ್ನು ಮಾಡಿ ನಿಲ್ಲಿ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಪರದೆ ನೋಡಿಕೊಂಡು ತೆಗೆಯುತ್ತಿದ್ದರೆ ಅದನ್ನು ಬಿಟ್ಟು ಕಣ್ಣಿಗೆ ಹಿಡಿದು ನೋಡಿ. ಪರದೆಯ ಮೂಲಕ ಅವು ಬಳಸುವ ವಿಧಾನ ಯಾವ ಕಡೆ ಸರಿಯಬೇಕೆಂದು ತಿಳಿಯದೆ ತಡಕಾಡುವಂಥದ್ದು. ಸೆನ್ಸರಿನ ಮೇಲೇ ಚುರುಕು ಫೋಕಸ್ ತಂದ ಕ್ಯಾನನ್‌ನ ಡ್ಯುಯಲ್ ಪಿಕ್ಸೆಲ್ ಬಂದದ್ದೇ 2013ರ 70ಡಿಯಿಂದ.

ಕಣ್ಣಿಗೆ ಹಿಡಿದಾಗ ಎಲ್ಲವೂ ಮಸುಕು, ಆದರೆ ಬಂದ ಫೋಟೊ ಚೆನ್ನಾಗಿದೆ ಎಂದರೆ ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ ತಿರುಗಿದೆ. ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ತಿರುಗಿಸಿ.

ಉಯ್ಯಾಲೆ ಮತ್ತು ಜಾರುಬಂಡೆ

ಉಯ್ಯಾಲೆಯನ್ನು ಎದುರಿನಿಂದ ತೆಗೆಯುವುದು ಆಟೋಫೋಕಸ್‌ಗೆ ಕಠಿಣ ಪರೀಕ್ಷೆ, ದೂರವೂ ದಿಕ್ಕೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ. ಇಲ್ಲಿ ಹಿಂಬಾಲಿಸುವುದನ್ನೇ ಬಿಟ್ಟುಬಿಡಿ. ಉಯ್ಯಾಲೆ ಅತಿ ವೇಗದಲ್ಲಿರುವುದು ಕೆಳಗೆ, ನಡುವೆ. ಎರಡೂ ತುದಿಗಳಲ್ಲಿ, ತಿರುಗುವ ಮುನ್ನ, ಒಂದು ಕ್ಷಣ ನಿಂತೇ ಬಿಡುತ್ತದೆ. ಮುಂದಿನ ತುದಿಯಲ್ಲಿ ಮಗು ನಿಂತಾಗ ಒಂದು ಸಲ ಫೋಕಸ್ ಮಾಡಿ, ಲೆನ್ಸನ್ನು ‘ಎಂಎಫ್’ಗೆ ತಳ್ಳಿ. ಆಮೇಲೆ ಪ್ರತಿ ಸಲ ಮಗು ಆ ತುದಿ ಮುಟ್ಟುವುದಕ್ಕೆ ಕಣ್ಣೆವೆ ಬಡಿಯುವಷ್ಟು ಮುಂಚೆ ಒತ್ತಿ. ನಗು ಅರಳುವುದೂ ಅಲ್ಲೇ, ಅದು ಲಾಭ. ಜಾರುಬಂಡೆಯಲ್ಲಿ ಕೆಳಗಿನ ಅಂಚಿಗೆ ಹೀಗೇ ಫೋಕಸ್ ಇಟ್ಟು ಕಾಯಿರಿ. ಕೆಲಸ ಮುಗಿದ ಮೇಲೆ ಗುಂಡಿಯನ್ನು ವಾಪಸ್ ‘ಎಎಫ್’ಗೆ ತಳ್ಳಲು ಮರೆತರೆ ಮೇಲಿನ ಭಾಗವನ್ನು ಮತ್ತೆ ಓದಬೇಕಾಗುತ್ತದೆ.

ಪಕ್ಕದಿಂದ ತೆಗೆದರೆ ಉಯ್ಯಾಲೆಯಾಗಲಿ ಓಟವಾಗಲಿ ನಿಮ್ಮಿಂದ ದೂರ ಅಷ್ಟಾಗಿ ಬದಲಾಗುವುದಿಲ್ಲ, ಫೋಕಸ್ ತಲೆನೋವು ಅರ್ಧ ಇಳಿಯುತ್ತದೆ. ಆಗ ಬೇಕಿರುವುದು ಶಟರ್ ಸ್ಪೀಡ್ ಮಾತ್ರ.

ಫೋನಿನಲ್ಲಾದರೆ

ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಶಾರ್ಪ್ ಆಗುವ ಆಳ ತಾನಾಗೇ ಹೆಚ್ಚು. ಆದ್ದರಿಂದ ಅಲ್ಲಿನ ಮಸುಕು ಬಹುಮಟ್ಟಿಗೆ ಬೆಳಕಿನ ಕೊರತೆಯಿಂದ ನಿಧಾನವಾದ ಶಟರ್‌ನದು. ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ, ಓಡುವ ಮಗುವಿಗೆ ಅದನ್ನು ಆಫ್ ಮಾಡಿ. ಪರದೆಯನ್ನು ಒತ್ತಿ ಹಿಡಿದರೆ ಫೋಕಸ್‌ಗೆ ಬೀಗ ಬೀಳುತ್ತದೆ, ಅರಿವಿಲ್ಲದೆ ಹಾಗೆ ಮಾಡಿದ್ದೀರೇನೋ ನೋಡಿ. ಮತ್ತೆ ಗಾಜು ಒರೆಸಿ.

ಇಷ್ಟಾದರೂ ಅನುಮಾನ ಉಳಿದರೆ

ಈಗ ಮಾತ್ರ ಲೆನ್ಸ್ ಕಡೆಗೆ ಬೆರಳು ತೋರಿಸಬಹುದು, ಅದೂ ಮಗುವನ್ನು ಬಿಟ್ಟು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ. ಮುದ್ರಿತ ಹಾಳೆಯಂಥ ಚಪ್ಪಟೆ ವಸ್ತುವನ್ನು ನೇರ ನಿಲ್ಲಿಸಿ, ಅದರ ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿ, ಹಾಳೆಯ ಮುಂದಕ್ಕೂ ಹಿಂದಕ್ಕೂ ಚಾಚುವಂತೆ ಇಡಿ. ಅಪರ್ಚರ್ ಪೂರ್ತಿ ತೆರೆದು, ಒಂದೇ ಸಲದ ಮೋಡ್‌ನಲ್ಲಿ ಹಾಳೆಗೆ ಫೋಕಸ್ ಮಾಡಿ. ಪ್ರತಿ ಸಲ ಫೋಕಸ್ ಉಂಗುರ ತಿರುಗಿಸಿ ಕೆಡಿಸಿ, ಮತ್ತೆ ಮಾಡಿ. ಹೀಗೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಹತ್ತು ಫೋಟೊ. ಆಮೇಲೆ ಲೈವ್ ವ್ಯೂನಲ್ಲಿ, ಅಂದರೆ ಪರದೆ ನೋಡಿಕೊಂಡು, ಹತ್ತು.

ವ್ಯೂಫೈಂಡರಿನ ಹತ್ತೂ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪಿದ್ದು ಲೈವ್ ವ್ಯೂನವು ಸರಿ ಇದ್ದರೆ ಲೆನ್ಸ್ ಮತ್ತು ಬಾಡಿಯ ಹೊಂದಾಣಿಕೆ ತಪ್ಪಿದೆ. ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಅಥವಾ ಮೈಕ್ರೋ ಅಡ್ಜಸ್ಟ್‌ಮೆಂಟ್ ಇದ್ದರೆ ನೀವೇ ಸರಿಪಡಿಸಬಹುದು, ಇಲ್ಲದಿದ್ದರೆ ಸರ್ವಿಸ್ ಸೆಂಟರ್. ಒಂದು ಮುಂದೆ, ಒಂದು ಹಿಂದೆ, ಒಂದು ಸರಿ ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಫೈನ್ ಟ್ಯೂನ್‌ನಿಂದ ಪ್ರಯೋಜನವಿಲ್ಲ. ಲೆನ್ಸ್ ಮತ್ತು ಬಾಡಿ ಸೇರುವ ಲೋಹದ ಬಿಂದುಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಮಾಡಿ. ಇಪ್ಪತ್ತೂ ಸರಿ ಬಂದರೆ ಲೆನ್ಸ್ ನಿರಪರಾಧಿ.

ಆಗ ಕೊನೆಯ ಪರೀಕ್ಷೆ. ಹಗಲು ಬೆಳಕಿನಲ್ಲಿ ಮಾತು ಕೇಳುವ ಒಬ್ಬ ದೊಡ್ಡವರನ್ನು 8 ಮೀಟರ್ ದೂರದಿಂದ ನಿಮ್ಮ ಕಡೆಗೆ ಒಂದೇ ಸಮನೆ ನಡೆದು ಬರಲು ಹೇಳಿ. 1/1000, ಎಫ್ 4, ಹಿಂಬಾಲಿಸುವ ಮೋಡ್, ಸಣ್ಣ ಝೋನ್, ಮಧ್ಯಮ ವೇಗದ ಬರ್ಸ್ಟ್. ನಡೆದು ಬರುವವರೇ ಸಾಲಾಗಿ ಮಸುಕಾದರೆ ಹಿಂಬಾಲಿಸುವ ಸಾಮರ್ಥ್ಯದಲ್ಲೇ ಏನೋ ಕೆಟ್ಟಿದೆ. ಸರ್ವಿಸ್ ಸೆಂಟರಿಗೆ ಹೋಗುವಾಗ ಲೆನ್ಸ್ ಒಂದನ್ನೇ ಒಯ್ಯಬೇಡಿ, ಬಾಡಿಯನ್ನೂ ಒಯ್ಯಿರಿ. ಸ್ಕೇಲಿನ ಇಪ್ಪತ್ತು ಮತ್ತು ನಡಿಗೆಯ ಬರ್ಸ್ಟ್, ಎರಡನ್ನೂ ತಿದ್ದದೆ, ಕತ್ತರಿಸದೆ, ಕಾರ್ಡಿನಲ್ಲಿ ಇದ್ದ ಹಾಗೇ ಕೊಡಿ. ಮಗುವಿನ ಫೋಟೊ ಮನೆಯಲ್ಲೇ ಇರಲಿ, ಅದನ್ನು ನೋಡಿ ಅವರು ‘ಶಟರ್ ಸ್ಪೀಡ್ ಏರಿಸಿ’ ಎಂದೇ ಹೇಳುತ್ತಾರೆ.